ಹಾಸಿನ ಕಿಂಡಿ

ಜನವರಿ ೫, ಭಾನುವಾರ

ಮನೆ ಮಾರುವುದೆಂದು ಇವತ್ತು ತೀರ್ಮಾನವಾಯಿತು. ನಮ್ಮವರೂ ಪಕ್ಕದ ಭಾಗದ ಆಂಜಿನಪ್ಪಣ್ಣನೂ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ಮಾತು ಮುಗಿಸಿಬಿಟ್ಟರು. ಇಷ್ಟು ಸಲೀಸಾಗಿ ಆಗುತ್ತದೆಂದು ಗೊತ್ತಿದ್ದರೆ ಇನ್ನೊಂದು ಲೋಟ ಕಾಫಿಯನ್ನು ಹತ್ತು ವರ್ಷ ಮುಂಚೆಯೇ ಮಾಡಿ ಕೊಡುತ್ತಿದ್ದೆ.

ಇಬ್ಬರಿಗೂ ಅವರವರ ಕಾರಣವಿದೆ. ಆಂಜಿನಪ್ಪಣ್ಣನದು ಹುಣಸೆಹಣ್ಣಿನ ವ್ಯಾಪಾರ. ಈ ಬೀದಿಗೆ ಈಗ ಲಾರಿಯ ಮಾತಿರಲಿ, ಆಟೋ ನುಗ್ಗುವುದೂ ಕಷ್ಟ. ನಮ್ಮವರಿಗೆ ಇನ್ನೊಂದು ಮಗ್ಗ ಹಾಕುವ ಆಸೆ, ಜಾಗವಿಲ್ಲ. ನನ್ನ ಕಾರಣವನ್ನು ಯಾರೂ ಕೇಳಲಿಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಕಾರಣದ ಹೆಸರು ಈರಕ್ಕ, ಆಂಜಿನಪ್ಪಣ್ಣನ ಹೆಂಡತಿ.

ಇದು ಎರಡು ಮನೆತನ ಸೇರಿ ಕಟ್ಟಿದ ಮನೆ. ಬೀದಿಗೆ ಒಂದೇ ಬಾಗಿಲು, ಒಂದೇ ಜಗುಲಿ, ಒಂದೇ ಪಡಸಾಲೆ. ಒಳಗೆ ಎಡಕ್ಕೆ ನೇಯುವ ನಾವು, ಬಲಕ್ಕೆ ಅವರು. ನಡುವಿನ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಕಿಂಡಿ, ಮೊರ ಅಡ್ಡಡ್ಡ ತೂರುವಷ್ಟು ಅಗಲ. ಮಗ್ಗಕ್ಕೆ ಏರಿಸುವ ಮುಂಚೆ ರೇಷ್ಮೆ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಪೂರ್ತಿ ಎಳೆದು ಕಟ್ಟಿ, ಸಿಕ್ಕು ಬಿಡಿಸಿ, ಹರಿದ ಎಳೆಗಳನ್ನು ಗಂಟು ಹಾಕಬೇಕು. ನಮ್ಮ ಕಡೆ ಅಷ್ಟು ಉದ್ದವಿಲ್ಲ. ಅದಕ್ಕೇ ಹಾಸು ನಮ್ಮ ಮಗ್ಗದ ಕೋಣೆಯಿಂದ ಹೊರಟು, ಕಿಂಡಿಯಲ್ಲಿ ತೂರಿ, ಈರಕ್ಕನ ಒಲೆಯ ಮುಂದೆ ಹಾದು, ಅವರ ಹಿತ್ತಿಲ ಬೇವಿನ ಮರದವರೆಗೆ ಹೋಗುತ್ತದೆ. ಹಾಸು ಎಳೆಯುವ ದಿನ ಅವರ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹೊಗೆ, ಒಗ್ಗರಣೆಯ ಎಣ್ಣೆ ರೇಷ್ಮೆಗೆ ತಾಗಬಾರದು. ಆ ದಿನ ಅವರ ಊಟ ನಮ್ಮಲ್ಲಿ. ಹುಣಸೆಹಣ್ಣಿನ ಕಾಲದಲ್ಲಿ ನಾವು ಹೋಗಿ ಬೀಜ ಬಿಡಿಸಿಕೊಡುತ್ತೇವೆ. ಆಗ ನಮ್ಮ ಊಟ ಅವರಲ್ಲಿ. ತಾತಂದಿರ ಕಾಲದಿಂದ ಹೀಗೇ ನಡೆದಿದೆ.

ಮಿಕ್ಕ ದಿನಗಳಲ್ಲಿ ಆ ಕಿಂಡಿಯಲ್ಲಿ ತೂರುವುದು ಈರಕ್ಕನ ದನಿ. ನಾನು ಸೋಮಂದೇಪಲ್ಲಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ, ಸಾರಿಗೆ ಉಪ್ಪು ಹಾಕುತ್ತಿದ್ದಾಗ ಗೋಡೆಯಿಂದ ಮಾತು ಬಂತು: "ಸಾಕು ಕಣಮ್ಮ, ನಿಮ್ಮತ್ತೆಗೆ ಬಿಪಿ ಐತೆ." ಅವತ್ತಿಂದ ಇವತ್ತಿನವರೆಗೆ ನನ್ನ ಉಪ್ಪು, ನನ್ನ ಜಗಳ, ನನ್ನ ಕೆಮ್ಮು ಯಾವುದೂ ನನ್ನೊಬ್ಬಳದಾಗಿಲ್ಲ.

ಹೊಸ ಮನೆ ಹೇಗಿರಬೇಕೆಂದು ನನಗೆ ಗೊತ್ತು. ನಾಲ್ಕೂ ಗೋಡೆ ನನ್ನವೇ ಆಗಿರಬೇಕು. ಸುತ್ತ ನಡೆದಾಡುವಷ್ಟು ಜಾಗ ಬೇಕು. ಪಕ್ಕದವರ ಹೆಸರೂ ನನಗೆ ಗೊತ್ತಿರಬಾರದು.

ಜನವರಿ ೧೨, ಭಾನುವಾರ

ಬ್ರೋಕರ್ ಅಂಬರೀಶ್ ಬಂದು ಫೋನಿನಲ್ಲಿ ಫೋಟೊ ತೆಗೆದ. ಕಲ್ಲಿನ ಕಂಬ, ಹಳೇ ಬಾಗಿಲು, ಪಡಸಾಲೆಯ ತೊಲೆ, ಎಲ್ಲಕ್ಕೂ "ಸೂಪರ್ ಆಂಟೀ, ಸೂಪರ್" ಎಂದ. ಕಿಂಡಿಯ ಮುಂದೆ ನಿಂತು ಮುಖ ಸಣ್ಣದು ಮಾಡಿದ.

"ಇದೇನು ಆಂಟೀ, ಗೋಡೆ ಬಿದ್ದೈತಾ?"

"ಬಿದ್ದಿಲ್ಲ ಕಣಪ್ಪ, ತಾತನವರು ಒಡೆದಿದ್ದು."

ಆ ಕಡೆಯಿಂದ ಈರಕ್ಕನ ಮುಖ ಕಾಣಿಸಿತು. "ಯಾವೋನ್ಲಾ ಅದು ಬಿದ್ದೈತೆ ಅನ್ನೋನು? ನಿನ್ ಫೋನ್‌ನಾಗೆ ನಂದೂ ಒಂದ್ ಫೋಟೋ ಹಿಡಿ. ಮನೆ ಜತೀಗೆ ನನ್ನೂ ಕೇಳ್ತಾರೇನೋ!"

ಅಂಬರೀಶ್ ಬೆಚ್ಚಿ ಹಿಂದಕ್ಕೆ ಸರಿದ. ಫೋಟೋದಲ್ಲಿ ಅವಳ ಮೂಗು ಬಂದಿದೆ. ಅದನ್ನೇ ಹಾಕಿಬಿಡು, ಬೆಲೆ ಇಳಿಯಲಿ ಎಂದೆ, ಅವಳಿಗೆ ಕೇಳುವಂತೆ. ಇಬ್ಬರೂ ನಕ್ಕೆವು. ಇನ್ನು ಸ್ವಲ್ಪ ದಿನ ತಾನೇ.

ಜನವರಿ ೨೦, ಸೋಮವಾರ

ಮೊದಲ ಗಿರಾಕಿ ಬಂದರು, ಬೆಳ್ಳಿ ಅಂಗಡಿಯ ಶ್ರೀರಾಮಪ್ಪ. ಮನೆ ಹಳೇದಾದರೂ ಗಟ್ಟಿ ಎಂದು ಕಂಬ ತಟ್ಟಿ ನೋಡಿದರು. ಒಳ್ಳೆಯ ಲಕ್ಷಣ ಎಂದುಕೊಂಡು ನಾನು ಮಜ್ಜಿಗೆ ಕೊಟ್ಟು ಮನೆಯ ಕಥೆ ಶುರು ಮಾಡಿದೆ. ಕಥೆ ಕೇಳಿದರೆ ಮನೆಯ ಮೇಲೆ ಆಸೆ ಹುಟ್ಟುತ್ತದೆ. ಹಳ್ಳಿಯಲ್ಲಿ ನಮ್ಮಜ್ಜಿ ಕಥೆ ಹೇಳಿಯೇ ಕುಂಟು ಎಮ್ಮೆಯನ್ನು ಮಾರಿದ್ದಳು.

"ಚೌಡಪ್ಪ ತಾತ, ಗಂಗಪ್ಪ ತಾತ ಅಂತ ಇಬ್ಬರು ಸ್ನೇಹಿತರಿದ್ದರು" ಎಂದೆ. "ಒಬ್ಬರದು ಮಗ್ಗ, ಒಬ್ಬರದು ಹುಣಸೆ ತೋಪು. ಸೇರಿ ಮನೆ ಕಟ್ಟಿದರು, ನಡುವೆ ಸಮಸಮಕ್ಕೆ ಗೋಡೆ ಹಾಕಿಸಿದರು. ಗೃಹಪ್ರವೇಶದ ದಿನ ಚೌಡಪ್ಪ ತಾತ ಶುಭಕ್ಕೆಂದು ಮೊದಲ ಹಾಸು ಎಳೆಯಲು ನೋಡುತ್ತಾರೆ, ಗೋಡೆ ಅಡ್ಡ! ಮನೆ ಕಟ್ಟುವ ಸಡಗರದಲ್ಲಿ ಹಾಸಿನ ಉದ್ದವನ್ನೇ ಮರೆತಿದ್ದರು. ತಲೆ ಮೇಲೆ ಕೈ ಹೊತ್ತು ಕೂತರು. ಗಂಗಪ್ಪ ತಾತ ಎದ್ದು ನಿಂತರು. ಹೊಸ ಪಂಚೆ ಮೇಲಕ್ಕೆ ಕಟ್ಟಿ, ಹಾರೆ ತಗೊಂಡು..."

"ಗುದ್ದಲಿ!" ಎಂದಿತು ಗೋಡೆ.

"ಹಾರೆ ತಗೊಂಡು..."

"ಗುದ್ದಲಿ ಕಣಮ್ಮ! ನಮ್ ತಾತಂದು ನನಗೆ ಗೊತ್ತಿಲ್ವಾ?"

"ನಿನಗೆ ತಾತ ಅಲ್ಲಕ್ಕ, ನಿನ್ನ ಗಂಡನಿಗೆ ತಾತ."

"ಗಂಡ ನಂದೇ ಅಂದ್ಮೇಲೆ ತಾತನೂ ನಂದೇ. ಊರ್ಕೋ, ಸುಮ್ಕಿರು!"

ಶ್ರೀರಾಮಪ್ಪ ಲೋಟ ಕೆಳಗಿಟ್ಟರು. "ಮಾತು ಯಾವಾಗಲೂ ಇಷ್ಟು ಚೆನ್ನಾಗಿ ಕೇಳಿಸುತ್ತಾ ತಾಯೀ?"

ಮನೆ ಮಾರುವಾಗ ಸುಳ್ಳು ಹೇಳಬಾರದು. ಗೊರಕೆಯೂ ಕೇಳಿಸುತ್ತದೆ, ಕರೆಂಟು ಹೋದರೆ ಬೀಸಣಿಗೆಯ ಸದ್ದೂ ಕೇಳಿಸುತ್ತದೆ ಎಂದು ವಿವರವಾಗಿ ಹೇಳಿದೆ. ಹೇಳಿ ಕಳಿಸುತ್ತೇನೆಂದು ಹೋದವರು ಇನ್ನೂ ಹೇಳಿ ಕಳಿಸಿಲ್ಲ. ಈರಕ್ಕನಿಂದ ಒಳ್ಳೆಯ ಗಿರಾಕಿ ತಪ್ಪಿಹೋಯಿತು.

ಫೆಬ್ರವರಿ ೧೧, ಮಂಗಳವಾರ

ಒಂದು ವಾರದಿಂದ ಬರೆಯಲು ಪುರುಸೊತ್ತಿಲ್ಲ, ಹುಣಸೆಹಣ್ಣು ಬಂದಿದೆ. ಜಗುಲಿ, ಪಡಸಾಲೆ, ಎಲ್ಲಿ ನೋಡಿದರೂ ಹಣ್ಣಿನ ರಾಶಿ. ಈರಕ್ಕ ಮರದ ಕೊಡತಿ ಹಿಡಿದು ಕುಟ್ಟುತ್ತಾಳೆ, ನಾವೆಲ್ಲ ಕೂತು ನಾರು, ಬೀಜ ಬಿಡಿಸುತ್ತೇವೆ. ನಮ್ಮವರು ಮಗ್ಗ ನಿಲ್ಲಿಸಿ ಬಂದು ಕೂತಿದ್ದಾರೆ. ರೇಷ್ಮೆ ಹಿಡಿಯುವ ಬೆರಳೆಂದು ಮೊದಲ ದಿನ ಬಿಂಕ ಮಾಡಿದ್ದರು. ಈಗ ಮೊಣಕೈವರೆಗೆ ಹುಣಸೆ.

ಮಧ್ಯಾಹ್ನ ಈರಕ್ಕ ಮುದ್ದೆ, ಹುರುಳಿ ಸಾರು ಮಾಡಿದ್ದಳು. ಅವಳ ಮುದ್ದೆಯಲ್ಲಿ ಒಂದು ಗಂಟು ಸಿಕ್ಕರೆ ತೋರಿಸಬೇಕೆಂದು ಎಷ್ಟೋ ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

"ಹೊಸ ಮನೆಗೆ ಹೋದ್ಮೇಲೆ ಯಾರ್ ಕೈಲಿ ಬಿಡಿಸ್ತೀಯ ಅಕ್ಕ ಇದನ್ನ?" ಎಂದೆ.

"ಕೂಲಿಯೋರು ಬತ್ತಾರೆ. ನಿನ್ನಂಗೆ ಅರ್ಧ ಬಾಯಿಗೆ ಹಾಕಲ್ಲ ಅವರು."

ಬಾಯಲ್ಲಿ ಹಣ್ಣಿದ್ದುದರಿಂದ ಉತ್ತರ ಕೊಡಲಾಗಲಿಲ್ಲ.

ಅಂಬರೀಶ್ ಇಬ್ಬರು ಗಿರಾಕಿಗಳನ್ನು ಕರೆತಂದಿದ್ದ. ಕಾಲಿಡಲು ಜಾಗ ಇರಲಿಲ್ಲ. ಮುಂದಿನ ತಿಂಗಳು ಬನ್ನಿ ಎಂದು ನಾನೂ ಈರಕ್ಕನೂ ಒಟ್ಟಿಗೇ ಹೇಳಿದೆವು.

ಫೆಬ್ರವರಿ ೨೪, ಸೋಮವಾರ

ಅಂಬರೀಶನ ಮಾತು ಕೇಳಿ ಗಂಡಸರಿಬ್ಬರೂ ಕಿಂಡಿ ಮುಚ್ಚಿಸಿಬಿಟ್ಟರು. ಗಿರಾಕಿಗಳು ಓಡಿಹೋಗುವುದು ಅದರಿಂದಲೇ ಎಂದನಂತೆ. ನಾನು ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಇಟ್ಟಿಗೆ ತುಂಬಿ, ಗಾರೆ ಬಳಿದು, ಮೇಸ್ತ್ರಿ ಕೈ ತೊಳೆಯುತ್ತಿದ್ದ. ಹಾಸು ಎಳೆಯಲು ಏನು ಮಾಡುತ್ತೀರಿ ಎಂದರೆ, ಮನೆ ಮಾರುವವರೆಗೆ ಬೀದಿಯಲ್ಲಿ ಎಳೆದುಕೊಂಡರಾಯಿತು ಎಂದರು ನಮ್ಮವರು.

ಬಂದ ದಿನದಿಂದ ಬೇಡುತ್ತಿದ್ದೆ, ಕೊನೆಗೂ ಆಯಿತು. ಒಳ್ಳೆಯ ಕೆಲಸ.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ. ಮನೆಯಲ್ಲಿ ಸದ್ದಿಲ್ಲ. ಹಾಯಾಗಿದೆ.

ಮಾರ್ಚ್ ೩, ಸೋಮವಾರ

ಸಾರಿಗೆ ಉಪ್ಪು ಜಾಸ್ತಿಯಾಯಿತು. ನಿನ್ನೆಯೂ ಆಗಿತ್ತಂತೆ. ಈ ಸಲದ ಉಪ್ಪಿನ ಪ್ಯಾಕೆಟ್ಟೇ ಸರಿಯಿಲ್ಲ.

ಮಾರ್ಚ್ ೯, ಭಾನುವಾರ

ಗಿರಾಕಿ ಬಂದಿದ್ದರು, ಪೆನುಕೊಂಡದ ಕಡೆಯ ಕಾರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆ ಚೆನ್ನಾಗಿದೆ ಎಂದರು. ನಾನು ಕಥೆ ಹೇಳಿದೆ. "ಗಂಗಪ್ಪ ತಾತ ಹಾರೆ ತಗೊಂಡು..." ಎಂದು ಸ್ವಲ್ಪ ತಡೆದೆ.

ಅವರು ನನ್ನನ್ನೇ ನೋಡುತ್ತಿದ್ದರು. "ಆಮೇಲೆ?" ಎಂದರು.

ಯಾಕೋ ಕಥೆ ಮುಂದಕ್ಕೆ ಹೋಗಲಿಲ್ಲ. ಒಡೆದರು, ಅಷ್ಟೇ ಎಂದೆ. ಎಲ್ಲಿ ಒಡೆದರು ಎಂದು ಕೇಳಿದರು. ಗೋಡೆಯಲ್ಲಿ ತೋರಿಸಲು ಏನೂ ಇರಲಿಲ್ಲ. ಬೇರೆ ಮನೆಯನ್ನೂ ನೋಡಿ ಹೇಳುತ್ತಾರಂತೆ. ಅಂಬರೀಶನ ಲೆಕ್ಕಾಚಾರವೂ ಅಷ್ಟಕ್ಕಷ್ಟೆ.

ಮಾರ್ಚ್ ೧೪, ಶುಕ್ರವಾರ

ಬೀದಿ ಬಾಗಿಲಲ್ಲಿ ಈರಕ್ಕ ಸಿಕ್ಕಳು. ಊಟ ಆಯ್ತಾ ಎಂದೆ. ಆಯ್ತು, ನಿಂದು? ಎಂದಳು. ಆಯ್ತು ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಮಾತಾಡಿದಂತಿತ್ತು. ಸ್ವಲ್ಪ ಸೊರಗಿದ್ದಾಳೆ. ಬಿಸಿಲಿಗಿರಬೇಕು.

ಮಾರ್ಚ್ ೧೯, ಬುಧವಾರ

ಇವತ್ತು ಆದದ್ದನ್ನು ಬರೆಯಲೇಬೇಕು.

ನಮ್ಮವರು ಬೆಳಿಗ್ಗೆ ಎದ್ದು, ಹಾಸು ಎಳೆಯುವ ಗೂಟಗಳನ್ನು ಜಗುಲಿಯ ಮೇಲೆ ತಂದಿಟ್ಟರು. ಬೀದಿಯಲ್ಲಿ ಎಳೆಯುವ ಏರ್ಪಾಡು. ಗೂಟ ನೆಟ್ಟು ಎರಡು ಮಾರು ಚಾಚುವಷ್ಟರಲ್ಲಿ ಹಾಲಿನ ವ್ಯಾನು ಬಂತು, ಹಿಂದೆಯೇ ಸ್ಕೂಲ್ ಆಟೋ, ಅದರ ಹಿಂದೆ ದೂಳಿನ ಗಾಳಿ. ಬೈದುಕೊಳ್ಳುತ್ತ ಎಲ್ಲ ಸುತ್ತಿಕೊಂಡು ಒಳಗೆ ಬಂದರು. ಗೂಟಗಳು ಜಗುಲಿಯ ಮೇಲೇ ಉಳಿದವು. ನಾನು ಇಬ್ಬರಿಗೆ ಆಗುವಷ್ಟು ಅನ್ನ, ಸೊಪ್ಪಿನ ಸಾರು ಮಾಡಿದೆ. ಉಂಡೆವು. ಅವರು ಮಲಗಿದರು.

ಬಿಸಿಲು ಇಳಿಯುವ ಹೊತ್ತಿಗೆ ಆಂಜಿನಪ್ಪಣ್ಣ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಕೆಮ್ಮಿದ.

"ಏನಮ್ಮ ಪದ್ಮಾವತಮ್ಮ, ಇವತ್ತೇನು ಸಾರು?"

"ಸೊಪ್ಪಿಂದು ಅಣ್ಣ. ಯಾಕೆ?"

"ಏನಿಲ್ಲ... ವಾಸನೆ ಚೆನ್ನಾಗಿ ಬಂದಿತ್ತು, ಮಧ್ಯಾಹ್ನ." ಮತ್ತೆ ಕೆಮ್ಮಿದ. "ಮಿಕ್ಕೈತಾ?"

ಅವನ ಹಿಂದಿನಿಂದ ಈರಕ್ಕ ನುಗ್ಗಿದಳು. ಮುಖ ಕೆಂಪಗಾಗಿತ್ತು. "ಕೇಳ್ಬ್ಯಾಡ್ರಿ ಅಂದ್ನಲ್ಲ! ಕರೆದಾಗ ಹೋಗಾದು, ಕರೀದಿದ್ರೆ ಇಲ್ಲ!"

"ಏನಾಯ್ತಕ್ಕ?"

"ಏನಾಯ್ತಾ? ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ ಕಣಮ್ಮ! ಈಗ ಕರೀತಾಳೆ, ಆಗ ಕರೀತಾಳೆ ಅಂತ ಕಾದು ಕಾದು ಸಂಜೆ ಆಗ್ಬುಡ್ತು."

"ಯಾಕೆ ಹಚ್ಚಿಲ್ಲ?"

"ಜಗುಲಿ ಮೇಲೆ ಹಾಸಿನ ಗೂಟ ಇಟ್ಟವ್ರೆ, ಹೆಂಗ್ ಹಚ್ಲಿ?"

"ಕಿಂಡಿನೇ ಮುಚ್ಚೈತಲ್ಲಕ್ಕ!"

ಈರಕ್ಕ ತಿರುಗಿದಳು. ಮುಚ್ಚಿದ ಗೋಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಮುಚ್ಚಿರೋದು ಗೋಡೆಗೆ ಗೊತ್ತು ಕಣಮ್ಮ, ನನ್ ಕೈಗೆ ಗೊತ್ತಾ? ಲೈಟರ್ ಹಿಡ್ಕಂಡೆ, ಒತ್ತೋಕೆ ಕೈ ಬರ್ನಿಲ್ಲ."

"ಬೆಳಿಗ್ಗೆಯಿಂದ ಏನೂ ತಿಂದಿಲ್ವಾ ಇಬ್ರೂ?"

"ಏನೂ ಇಲ್ಲ" ಎಂದಳು.

"ನಾನು ಎರಡು ಬಾಳೆಹಣ್ಣು..." ಎಂದ ಆಂಜಿನಪ್ಪಣ್ಣ ಮೆಲ್ಲಗೆ.

"ಎಲ್ಲಿತ್ತು ಬಾಳೆಹಣ್ಣು? ಅಯ್ಯೋ ದೇವುಡಾ, ದೇವರ ಮುಂದಿಂದಾ?"

ನಾನು ನಗಲು ಶುರುಮಾಡಿದೆ. ನಿಲ್ಲಿಸಲಾಗಲಿಲ್ಲ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಬೇಗ ಬೇಗ ಉಪ್ಪಿಟ್ಟು ಮಾಡಿ ಬಡಿಸಿದೆ. ಈರಕ್ಕ ತಿಂದು, ತಟ್ಟೆ ತೊಳೆದಿಟ್ಟು ಹೋದಳು.

ಸ್ವಲ್ಪ ಹೊತ್ತಿಗೆ ಗೋಡೆಯಲ್ಲಿ ಧಡ್, ಧಡ್ ಎಂದು ಸದ್ದು. ಹೊಸ ಗಾರೆ ಬಿರುಕು ಬಿಟ್ಟಿತು. ಒಂದು ಇಟ್ಟಿಗೆ ನಮ್ಮ ಕಡೆ ಉದುರಿತು. ತೂತಿನಲ್ಲಿ ಮೊದಲು ಹುಣಸೆ ಕುಟ್ಟುವ ಕೊಡತಿಯ ತಲೆ ಬಂತು, ಆಮೇಲೆ ಈರಕ್ಕನ ಕಣ್ಣು.

"ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗಿತ್ತು ಕಣಮ್ಮ. ಎದುರಿಗೆ ಹೇಳಾಕಾಗ್ನಿಲ್ಲ."

ಎಂಥ ಕೊಬ್ಬು! ಬೇಕಾದಷ್ಟು ತಿಂದು ಈ ಮಾತು! ನಾನು ಈ ಕಡೆಯಿಂದ ಹಾರೆ ತಗೊಂಡು ಮಿಕ್ಕಿದ್ದನ್ನು ಕೆಡವಿದೆ. ಗಂಡಸರಿಬ್ಬರೂ ಇಟ್ಟಿಗೆ ಹೊತ್ತು ಹೊರಗೆ ಹಾಕಿದರು.

ಮಾರ್ಚ್ ೨೦, ಗುರುವಾರ

ಬೆಳಿಗ್ಗೆಯೇ ಹಾಸು ಎಳೆದೆವು. ಮಾವಿನ ಚಿಗುರಿನ ಬಣ್ಣದ ರೇಷ್ಮೆ ನಮ್ಮ ಕೋಣೆಯಿಂದ ಬೇವಿನ ಮರದವರೆಗೆ. ನಾನೂ ಈರಕ್ಕನೂ ಕಿಂಡಿಯ ಆಚೆ ಈಚೆ ಕೂತು ಹರಿದ ಎಳೆ ಹುಡುಕುತ್ತಿದ್ದೆವು. ಆಗ ಹೇಳದೆ ಕೇಳದೆ ಅಂಬರೀಶ್ ಗಿರಾಕಿಗಳನ್ನು ಕರೆತಂದ.

ಕಲ್ಯಾಣದುರ್ಗದ ವಾರಗಿತ್ತಿಯರು, ಕಲ್ಪನಾ ಮತ್ತು ಪದ್ಮಲತಾ. ಅವರ ಗಂಡಂದಿರು ಅಣ್ಣತಮ್ಮಂದಿರು, ಇಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಹಾಕುತ್ತಾರಂತೆ. ಒಂದೇ ಮನೆಯಲ್ಲಿರಲು ಇಬ್ಬರಿಗೂ ಇಷ್ಟವಿಲ್ಲ, ಬೇರೆ ಬೇರೆ ಮನೆ ಮಾಡಲು ಅತ್ತೆ ಬಿಡುವುದಿಲ್ಲ.

ಅಂಬರೀಶ್ ಕಿಂಡಿ ನೋಡಿ ತಲೆ ಚಚ್ಚಿಕೊಂಡ. "ಆಂಟೀ, ಮುಚ್ಚಿಸಿದ್ನಲ್ಲ!"

"ಹಾಸು ತಡೀತಿತ್ತು ಕಣಪ್ಪ. ತಲೆ ತಗ್ಗಿಸು, ಎಳೆಗೆ ತಾಗಬೇಡ."

ಮೂವರೂ ಬಗ್ಗಿಕೊಂಡು ರೇಷ್ಮೆಯ ಕೆಳಗೆ ಆ ಕಡೆ ಹೋಗಿ, ಬಗ್ಗಿಕೊಂಡೇ ಈ ಕಡೆ ಬಂದರು. ಇದೇನು, ಯಾಕೆ ಎಂದು ಕಲ್ಪನಾ ಕೇಳಿದಳು. ಕೆಲಸ ಬಿಡುವಂತಿರಲಿಲ್ಲ, ಎಳೆ ನೋಡುತ್ತಲೇ ಕಥೆ ಹೇಳಿದೆ. ಗಂಗಪ್ಪ ತಾತ ಹಾರೆ ತಗೊಂಡರು ಎಂದೆ.

"ಗುದ್ದಲಿ" ಎಂದಳು ಈರಕ್ಕ.

ಆಮೇಲೆ ಒಲೆ ಹಚ್ಚದ ದಿನದ ವಿಷಯ ಹೇಳಿದೆ. ನಿನ್ನೆಯದನ್ನೂ ಹೇಳಿದೆ, ಬಾಳೆಹಣ್ಣು ಸಮೇತ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಪನಾ ಕಿಂಡಿಯಲ್ಲಿ ಇಣುಕಿ, "ಏ ಪದ್ಮಲತಾ, ಇದ್ರಾಗಿಂದ ನಿನ್ ಸಾರು ಈಸ್ಕೊಬೌದು ಕಣೆ" ಎಂದಳು. "ನಿನ್ ಸಾರು ನನಗ್ ಬ್ಯಾಡಮ್ಮ, ಇಣುಕಾಕೆ ಮಾತ್ರ ಬತ್ತೀನಿ" ಎಂದಳು ಪದ್ಮಲತಾ.

ಹೋಗುವಾಗ ಕಲ್ಪನಾ ಒಂದೇ ಮಾತು ಹೇಳಿದಳು. "ಆಂಟೀ, ಇದನ್ನ ಮಾತ್ರ ಮುಚ್ಚಬ್ಯಾಡಿ."

ಮಾರ್ಚ್ ೩೦, ಭಾನುವಾರ

ಯುಗಾದಿ. ಕಲ್ಯಾಣದುರ್ಗದವರು ಬಂದು ಎಲೆ ಅಡಿಕೆ ಬದಲಾಯಿಸಿ ಮಾತು ಪಕ್ಕಾ ಮಾಡಿದರು. ದೀಪಾವಳಿ ಕಳೆದ ಮೇಲೆ ನಾವು ಬಿಟ್ಟುಕೊಡಬೇಕು. ಈರಕ್ಕ ಒಬ್ಬಟ್ಟು ಕೊಟ್ಟಳು, ಕಿಂಡಿಯಿಂದ. ಬೆಲ್ಲ ಒಂದಿಷ್ಟು ಕಡಿಮೆ. ಹೇಳಿದೆ. ಸಂತೋಷವಾಗಿದೆ, ಅಂತೂ ಮನೆ ಮಾರಾಟವಾಯಿತು.

ಏಪ್ರಿಲ್ ೧೭, ಗುರುವಾರ

ಪೆನುಕೊಂಡ ರಸ್ತೆಯ ಹೊಸ ಲೇಔಟಿನಲ್ಲಿ ನಿವೇಶನ ನೋಡಿ ಬಂದೆವು. ಅಗಲದ ರಸ್ತೆ, ಲಾರಿಯೂ ತಿರುಗುತ್ತದೆ. ಪೂರ್ವದ ಬಾಗಿಲು ಸಿಗುತ್ತದೆ. ಬೋರಿನ ನೀರು ಕುಡಿದು ನೋಡಿದೆ, ಸಿಹಿ ನೀರು. ಅದನ್ನೇ ತೆಗೆದುಕೊಳ್ಳುವುದೆಂದಾಯಿತು.

ಸಂಜೆ ಈರಕ್ಕನಿಗೆ ನೀರಿನ ವಿಷಯ ಹೇಳಿದೆ. ಬಾ ಎಂದು ನಾನೇನೂ ಕರೆಯಲಿಲ್ಲ. ನೀರು ಚೆನ್ನಾಗಿದೆ, ಪಕ್ಕದ ಸೈಟು ಇನ್ನೂ ಖಾಲಿ ಇದೆ, ಹಿಂದೆ ಒಂದು ಬೇವಿನ ಮರವೂ ಇದೆ ಎಂದೆ, ಅಷ್ಟೇ. ಬೆಳಿಗ್ಗೆ ಎದ್ದವಳೇ ಗಂಡನನ್ನು ಹೊರಡಿಸಿಕೊಂಡು ಹೋಗುತ್ತಾಳಂತೆ.

ಯಾರ ಹಣೆಯಲ್ಲಿ ಏನಿದೆಯೋ ಅದನ್ನು ತಪ್ಪಿಸಲಾಗುತ್ತದೆಯೇ? ಇರಲಿ. ನಡುವೆ ನಡೆದಾಡುವಷ್ಟು ಜಾಗ ಬಿಡಿಸುತ್ತೇನೆ. ಈ ಸಲ ಗೋಡೆ ನನ್ನದು.

ಜೂನ್ ೨೨, ಭಾನುವಾರ

ಗೋಡೆ ಎದ್ದಿದೆ. ಮೇಸ್ತ್ರಿ ಓಬುಳಪತಿ ಕಿಟಕಿಗಳ ಜಾಗ ಕೇಳಿದ. ಎಲ್ಲ ತೋರಿಸಿ, ಕೊನೆಗೆ ಮಗ್ಗದ ಕೋಣೆಯ ಬಲಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಸುಣ್ಣದಿಂದ ಒಂದು ಗುರುತು ಹಾಕಿದೆ.

"ಇಷ್ಟು ಕೆಳಕ್ಕಾ ಅಮ್ಮಾ? ಎದ್ರುಗೆ ಪಕ್ಕದ ಸೈಟಿನ ಆ ಯಮ್ಮನ ಗೋಡೆ ಐತೆ. ಏನೂ ಕಾಣಲ್ಲ."

"ಗಾಳಿಗೆ ಕಣಪ್ಪ."

"ಗೋಡೆಯಿಂದ ಗಾಳಿ ಬತ್ತದಾ?" ತಲೆ ಕೆರೆದುಕೊಂಡ. "ಆ ಯಮ್ಮನೂ ಹಂಗೇ ಅಂತಾಳೆ. ಬೆಳಿಗ್ಗೆ ಬಂದು ಅಲ್ಲೊಂದು ಗುರುತು ಹಾಕವ್ಳೆ. ನಿಮ್ ಎರಡು ಮನೆಯೋರ್‌ಗೂ ಸೆಕೆ ಜಾಸ್ತಿ ಅಂತ ಕಾಣ್ತದೆ."

ಹೋಗಿ ನೋಡಿದೆ. ಈರಕ್ಕ ಕುಳ್ಳಿ, ತನ್ನ ಸೊಂಟಕ್ಕೆ ಅಳತೆ ಹಾಕಿದ್ದಾಳೆ. ನನ್ನ ಗುರುತಿಗಿಂತ ಒಂದು ಗೇಣು ಕೆಳಗಿದೆ. ಮನೆಗೆ ಬಂದು ಕಿಂಡಿಯಲ್ಲಿ ತಲೆ ಹಾಕಿ ಕೇಳಿದೆ. "ನಿಂದನ್ನೇ ಇಳಿಸ್ಕೋ" ಎಂದಳು. ನಾನ್ಯಾಕೆ ಇಳಿಸಲಿ? ಹಾಸು ಓರೆಯಾದರೆ ಇಟ್ಟಿಗೆ ಅಂಚಿಗೆ ಉಜ್ಜಿ ಎಳೆಯೆಲ್ಲ ಹರಿದುಹೋಗುತ್ತದೆ.

ನಾಳೆ ಮೇಸ್ತ್ರಿ ಬರುವ ಮುಂಚೆ ಹಗ್ಗ ತಗೊಂಡು ಹೋಗಿ, ಎರಡೂ ಗೋಡೆಗೆ ಹಿಡಿದು ನೇರ ಮಾಡಿಸಬೇಕು. ಆ ಕಡೆ ಹಗ್ಗ ಹಿಡಿಯಲು ಈರಕ್ಕನೇ ಬರಬೇಕು, ಬೆಳಿಗ್ಗೆ ಬೇಗ ಎಬ್ಬಿಸಬೇಕು. ಅಲ್ಲೇ ತಿನ್ನಲು ಉಪ್ಪಿಟ್ಟು ಕಟ್ಟಿಕೊಂಡರಾಯಿತು, ನಾಲ್ಕು ಜನಕ್ಕೆ.